ಬಾಯಿಮಾತಿನ ಭೂಮಿ

ಪಂಜಾಬ್ ಎಂದರೆ ನಮ್ಮ ಶಾಲೆಗಳಲ್ಲಿ ಗೋಧಿ, ಭಾಕ್ರಾ ಅಣೆಕಟ್ಟು, ಭಗತ್ ಸಿಂಗ್. ಆ ಗೋಧಿ ಕೊಯ್ದವರು ಯಾರು ಅಂತ ಯಾವ ಮಾಸ್ತರೂ ಕೇಳುವುದಿಲ್ಲ. 2011ರ ಜನಗಣತಿಯಂತೆ ಅಲ್ಲಿ ನೂರಕ್ಕೆ ಸುಮಾರು 32 ಜನ ದಲಿತರು. ದೇಶದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಜಾತಿಯನ್ನು ಧಿಕ್ಕರಿಸಿದ ಗುರುಗಳ ನೆಲ ಅದು. 1699ರಲ್ಲಿ ಖಾಲ್ಸಾ ಕಟ್ಟುವಾಗ ತಲೆಕೊಡಲು ಎದ್ದು ನಿಂತ ಐವರಲ್ಲಿ ಒಬ್ಬ, ಸಾಹಿಬ್ ಸಿಂಗ್, ನಮ್ಮ ಬೀದರಿನ ಕ್ಷೌರಿಕ ಎಂದು ಸಿಖ್ ಪರಂಪರೆಯೇ ಹೇಳುತ್ತದೆ. ಗುರುವಿನ ಮುಂದೆ ಸಮಾನತೆ ಆಯ್ತು. ಗದ್ದೆಯಲ್ಲಿ?

ಇದನ್ನು ಕೇಳುವವರು ಗುರ್‌ದಯಾಲ್ ಸಿಂಗರ ‘ಮಢಿ ದಾ ದೀವಾ’ (1964) ಕಾದಂಬರಿ ಓದಬೇಕು. ಜಗ್ಸೀರ್ ಒಬ್ಬ ದಲಿತ, ‘ಸೀರಿ’. ಸೀರಿ ಅಂದರೆ ಗೇಣಿದಾರನಲ್ಲ, ಬರೀ ದಿನಗೂಲಿಯೂ ಅಲ್ಲ. ಬೆಳೆಯ ಸಣ್ಣ ಪಾಲಿಗಾಗಿ ಧಣಿಯ ಹೊಲದಲ್ಲಿ ವರ್ಷವಿಡೀ ದುಡಿಯುವವ. ಧಣಿ ಧರಮ್ ಸಿಂಗ್ ಒಳ್ಳೆಯವನೇ. ಜಗ್ಸೀರನ ಅಪ್ಪನ ಕಾಲದಿಂದ ಒಂದು ತುಂಡು ಹೊಲ ಇವರದೆಂದೇ ನಡೆದುಬಂದಿದೆ, ಬಾಯಿಮಾತಿನಲ್ಲಿ. ಧಣಿಯ ಮಗ ಭಂತಾ ತಲೆಯೆತ್ತಿದ ಮೇಲೆ ಆ ಮಾತು ಸತ್ತಿತು. ಜಗ್ಸೀರನ ಅಪ್ಪನ ಸಮಾಧಿಗೆ ನೆರಳಾಗಿದ್ದ ಮರವನ್ನೂ ಅವನು ಕಡಿಸಿದ.

ಲೇಖಕರ ಗಟ್ಟಿತನ ಇಲ್ಲಿದೆ. ಕೆಟ್ಟ ಧಣಿಯನ್ನು ಬಯ್ಯುವುದು ಸುಲಭ. ಇವರು ಒಳ್ಳೆಯ ಧಣಿಯನ್ನೇ ಎದುರಿಗೆ ನಿಲ್ಲಿಸಿ, ಅವನ ಒಳ್ಳೆಯತನಕ್ಕೆ ಕಾಗದಪತ್ರ ಇಲ್ಲ ಎಂದು ತೋರಿಸಿದರು. ಕಾಗದ ಏಕಿಲ್ಲ? 1900ರ ಪಂಜಾಬ್ ಭೂಪರಭಾರೆ ಕಾಯಿದೆ ಕೆಲವು ಜಾತಿಗಳನ್ನು ‘ಕೃಷಿಕ’ ಎಂದು ಪಟ್ಟಿ ಮಾಡಿತು. ಅವರ ಭೂಮಿ ಹೊರಗಿನವರಿಗೆ ಹೋಗಬಾರದು. ಸಾಹುಕಾರರನ್ನು ತಡೆಯಲು ಬಂದ ಕಾನೂನು ಅದು. ಆದರೆ ನೇಗಿಲು ಹಿಡಿದ ದಲಿತನೂ ಆ ಪಟ್ಟಿಯ ಹೊರಗೇ ಉಳಿದ.

ಬಂಡಾಯದ ಓದುಗನಿಗೆ ಒಂದು ತಕರಾರು ಬರುತ್ತದೆ. ಜಗ್ಸೀರ್ ಸಿಟ್ಟಾಗುವುದಿಲ್ಲ, ಅಫೀಮಿನಲ್ಲಿ ಕರಗಿಹೋಗುತ್ತಾನೆ. ಅಮೆರಿಕದಲ್ಲಿ ಗದರ್ ಪಕ್ಷ ಸೇರಿ ಮರಳಿದ ಮಂಗೂ ರಾಮ್ 1926ರಲ್ಲೇ ‘ಆದ್ ಧರ್ಮ’ ಚಳುವಳಿ ಕಟ್ಟಿದ್ದರು. 1931ರ ಜನಗಣತಿಯಲ್ಲಿ 4 ಲಕ್ಷಕ್ಕೂ ಮಿಕ್ಕಿ ಜನ ತಾವು ಹಿಂದೂಗಳೂ ಅಲ್ಲ, ಸಿಖ್ಖರೂ ಅಲ್ಲ, ಆದ್ ಧರ್ಮಿಗಳು ಎಂದು ಬರೆಸಿದರು. ಅದರ ಒಂದು ಕಿಡಿಯೂ ಕಾದಂಬರಿಯಲ್ಲಿ ಏಕಿಲ್ಲ? ನನಗೆ ಕಾಣುವ ಕಾರಣ ಇದು. ಆ ಚಳುವಳಿ ಬೆಳೆದದ್ದು ಜಲಂಧರದ ಸುತ್ತಿನ ದೋಆಬಾದಲ್ಲಿ. ಅಲ್ಲಿ ಚರ್ಮದ ವ್ಯಾಪಾರದಿಂದ ದಲಿತರ ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು. ಗುರ್‌ದಯಾಲರ ಮಾಲ್ವಾದಲ್ಲಿ ಧಣಿಯ ಹೊಲ ಬಿಟ್ಟರೆ ಅನ್ನಕ್ಕೆ ಬೇರೆ ದಾರಿಯಿಲ್ಲ. ಇಲ್ಲದ ಬಂಡಾಯವನ್ನು ಲೇಖಕರು ಹೊಲಿದು ಸೇರಿಸಲಿಲ್ಲ. ನಮ್ಮ ಎಷ್ಟೋ ಕತೆಗಾರರು ಕೊನೇ ಪುಟದಲ್ಲಿ ಕೆಂಪು ಸೂರ್ಯನನ್ನು ಹುಟ್ಟಿಸುತ್ತಾರಲ್ಲ, ಅವರು ಇದನ್ನು ಗಮನಿಸಲಿ.

ಕುಮಟಾ, ಹೊನ್ನಾವರ, ಭಟ್ಕಳದ ಓದುಗರಿಗೆ ಇದೇನು ದೂರದ ಮಾತಲ್ಲ. 1940ರ ದಶಕದಲ್ಲಿ ದಿನಕರ ದೇಸಾಯರ ರೈತಕೂಟ ಗೇಣಿಯ ವಿರುದ್ಧ ಹೋರಾಡಿತು. 1974ರ ಭೂಸುಧಾರಣೆಯಲ್ಲಿ ಹಾಲಕ್ಕಿಗಳು, ನಾಮಧಾರಿಗಳು ಫಾರಂ ನಂಬರ್ 7 ತುಂಬಿ ಗದ್ದೆಯ ಒಡೆಯರಾದರು. ದೊಡ್ಡ ಗೆಲುವೇ ಸೈ. ಮುಕ್ರಿ ಕೇರಿಯ ಕೂಲಿಯವ ಎಂತ ತುಂಬಬೇಕಿತ್ತು? ಗೇಣಿ ಕೊಟ್ಟವನಿಗೆ ಗೇಣಿಚೀಟಿ ಇರುತ್ತದೆ, ಇಲ್ಲವೇ ಸಾಕ್ಷಿ ಇರುತ್ತದೆ. ಕೂಲಿಯವನ ಬೆವರಿಗೆ ಪಹಣಿಯಲ್ಲಿ ಕಾಲಂ ಇಲ್ಲ. ಅದೇ ಕಾಯಿದೆ ಅವನಿಗೆ ಕೊಟ್ಟದ್ದು ಗುಡಿಸಲು ನಿಂತ ಅಡಿಜಾಗದ ಹಕ್ಕು, ಅಷ್ಟೆ. ‘ಉಳುವವನೇ ಒಡೆಯ’ ಎಂಬ ಘೋಷಣೆಯಲ್ಲಿ ಉಳುವವನು ಯಾರು ಎಂಬುದನ್ನು ಕಾಗದವೇ ತೀರ್ಮಾನಿಸಿತು.

ಜಗ್ಸೀರನ ಮಾಲ್ವಾದಲ್ಲೇ ಈ ಕತೆ ಮುಂದುವರಿದಿದೆ. ಪಂಜಾಬಿನ ಕಾನೂನಿನಂತೆ ಪಂಚಾಯ್ತಿಯ ಸಾಗುವಳಿ ಭೂಮಿಯಲ್ಲಿ ಮೂರರಲ್ಲಿ ಒಂದು ಪಾಲು ದಲಿತರಿಗೆ ಗುತ್ತಿಗೆ ಮೀಸಲು. ಎಷ್ಟೋ ವರ್ಷ ಧಣಿಗಳು ತಮ್ಮ ಆಳಿನ ಹೆಸರಿನಲ್ಲಿ ಏಲಂ ಕೂಗಿಸಿ ಅದನ್ನೂ ತಾವೇ ಉಂಡರು. 2014ರಲ್ಲಿ ಸಂಗ್ರೂರ್ ಜಿಲ್ಲೆಯಲ್ಲಿ ದಲಿತರು ‘ಜಮೀನ್ ಪ್ರಾಪ್ತಿ ಸಂಘರ್ಷ ಕಮಿಟಿ’ ಕಟ್ಟಿಕೊಂಡು, ಲಾಠಿ ಏಟು ತಿಂದು, ಆ ಏಲಂಗೆ ತಾವೇ ನಿಂತರು. ಗೆದ್ದ ಊರುಗಳಲ್ಲಿ ಒಟ್ಟಾಗಿ ಉತ್ತರು. ಹೆಂಗಸರು ಮೊದಲ ಸಲ ತಮ್ಮದೇ ಹೊಲದಿಂದ ಎಮ್ಮೆಗೆ ಹುಲ್ಲು ಕೊಯ್ದು ತಂದರು.