‘ಮೈ ಬಣ್ಣ’ದ ಪ್ರಶ್ನೆ: ಒಂದು ಚಿತ್ರಗೀತೆಯನ್ನು ಕುರಿತ ವಿಚಾರ

ಮಲೆನಾಡಿನ ಒಂದು ಕಾಲೇಜಿನಲ್ಲಿ ಕೆಲವು ವರ್ಷಗಳ ಹಿಂದೆ ವಾರ್ಷಿಕೋತ್ಸವಕ್ಕಾಗಿ ವಿದ್ಯಾರ್ಥಿನಿಯರ ಸಮೂಹನೃತ್ಯವೊಂದು ಸಿದ್ಧವಾಗುತ್ತಿದ್ದಿತು. ಅದಕ್ಕೆ ಆರಿಸಿಕೊಂಡಿದ್ದ ಗೀತೆ ‘ಭೂತಯ್ಯನ ಮಗ ಅಯ್ಯು’ ಚಿತ್ರದ ‘ಮಲೆನಾಡ ಹೆಣ್ಣ ಮೈ ಬಣ್ಣ’. ಮೂಡಿಗೆರೆ, ಕಳಸ, ಕೊಪ್ಪಗಳ ಸುತ್ತಿನಲ್ಲಿ ಈ ಹಾಡನ್ನು ಅರಿಯದವರು ವಿರಳ. ಮದುವೆಯ ಮನೆಗಳಲ್ಲಿ, ಘಟ್ಟದ ಬಸ್ಸುಗಳಲ್ಲಿ, ಕಣದಲ್ಲಿ ಕಾಫಿ ಒಣಗಿಸುವವರ ಕೈಯ ಯಂತ್ರಗಳಲ್ಲಿ ಅದು ಇಂದಿಗೂ ಕೇಳಿಬರುತ್ತದೆ. ಮಲೆನಾಡಿಗರು ಅದನ್ನು ತಮ್ಮ ನಾಡಗೀತೆಯೆಂದೇ ಬಗೆದಿರುವರೆಂದರೆ ಅತಿಶಯೋಕ್ತಿಯಾಗಲಾರದು. ಅಭ್ಯಾಸದ ಮೂರನೆಯ ದಿನ ಹುಡುಗಿಯರನ್ನು ಎರಡು ಸಾಲಾಗಿ ನಿಲ್ಲಿಸಲಾಯಿತು. ಬೆಳ್ಳಗಿದ್ದವರು ಮುಂದಣ ಸಾಲಿಗೆ ಬಂದರು, ಉಳಿದವರು ಹಿಂದಕ್ಕೆ ಸರಿದರು. ಹಾಗೆ ಸರಿದವರಲ್ಲಿ ಒಬ್ಬಳು, ಕಾಫಿ ತೋಟದ ಲೈನು ಮನೆಯಿಂದ ಬರುತ್ತಿದ್ದವಳು, ಅಭ್ಯಾಸ ಮುಗಿದ ಮೇಲೆ ಅಧ್ಯಾಪಕಿಯೊಬ್ಬರನ್ನು ಕೇಳಿದಳು: “ಹಾಗಾದರೆ ನಾನು ಮಲೆನಾಡಿನವಳಲ್ಲವೇ?”

ಮಾತು ಅಧ್ಯಾಪಕರ ಕೊಠಡಿಗೆ ಬಂದಾಗ ಅಲ್ಲಿ ಎರಡು ಪಕ್ಷಗಳಾದುವು. ವರ್ಣಭೇದವನ್ನು ಪೋಷಿಸುವ ಹಾಡಿಗೆ ವಿದ್ಯಾಸಂಸ್ಥೆಯಲ್ಲಿ ಎಡೆಯಿರಕೂಡದೆಂದು ಒಂದು ಪಕ್ಷ. ಸುಮಾರು ಅರ್ಧ ಶತಮಾನದಿಂದ ಜನ ಪ್ರೀತಿಸಿಕೊಂಡು ಬಂದ ಪ್ರಣಯಗೀತೆಯೊಂದರ ಮೇಲೆ ಅಮೆರಿಕದಿಂದ ತಂದ ಅಳತೆಗೋಲನ್ನು ಇಡುವುದು ಅರಸಿಕತೆಯೆಂದು ಮತ್ತೊಂದು. ನಾವು ಮೊದಲಿಗೆ ಎರಡನೆಯ ಪಕ್ಷದಲ್ಲಿದ್ದೆವೆಂಬುದನ್ನು ಮರೆಮಾಚುವುದಿಲ್ಲ. ಈಗ ಅಲ್ಲಿಲ್ಲ, ಮೊದಲನೆಯ ಪಕ್ಷವನ್ನೂ ಸೇರಿಲ್ಲ. ಇದಕ್ಕೆ ಕಾರಣಗಳನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಚಿತ್ರವು 1974ರಲ್ಲಿ ತೆರೆಗೆ ಬಂದಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನಾಧರಿಸಿ ಸಿದ್ದಲಿಂಗಯ್ಯನವರು ಅದನ್ನು ನಿರ್ದೇಶಿಸಿದರು, ಸಂಗೀತ ಜಿ. ಕೆ. ವೆಂಕಟೇಶ್ ಅವರದು. ಕಥೆಯ ಮುಖ್ಯ ಎಳೆ ಸಾಲ ಕೊಡುವ ಜಮೀನ್ದಾರನಿಗೂ ಊರಿನವರಿಗೂ ನಡೆಯುವ ವೈರ. ಆ ಕಠಿನವಾದ ಕಥೆಯ ನಡುವೆ ವಿಷ್ಣುವರ್ಧನರು ವಹಿಸಿದ ಗುಳ್ಳನ ಪಾತ್ರಕ್ಕೆ ದೊರೆತ ವಿರಾಮವೇ ಈ ಹಾಡು. ಚಿತ್ರೀಕರಣ ನಡೆದ ಕಳಸಾಪುರವನ್ನು ಹೆಸರಿನ ಸಾಮ್ಯದಿಂದ ನಮ್ಮ ಕಳಸವೆಂದು ಭ್ರಮಿಸುವವರುಂಟು. ಅದು ಚಿಕ್ಕಮಗಳೂರಿನ ಪೂರ್ವಕ್ಕೆ, ಬಯಲಿನ ಕಡೆಗಿರುವ ಊರು. ಮಲೆನಾಡ ಹೆಣ್ಣಿನ ಕೀರ್ತಿಯನ್ನು ಹರಡಿದ ಚಿತ್ರವು ಮಲೆನಾಡಿನ ಹೊಸ್ತಿಲಾಚೆ ನಿಂತು ಮಲೆನಾಡನ್ನು ನೋಡಿದುದು ಆಕಸ್ಮಿಕವೇ ಇರಬಹುದು. ಆದರೂ ನಮಗೆ ಅದು ಅರ್ಥಪೂರ್ಣವಾಗಿ ಕಾಣುತ್ತದೆ.

ಇನ್ನು ಹಾಡಿನ ಮಾತು. ಪಲ್ಲವಿಯಲ್ಲಿ ಗಂಡು ಮಲೆನಾಡಿನ ಹೆಣ್ಣಿನ ಮೈಬಣ್ಣವನ್ನೂ ನಡುವನ್ನೂ ಹೊಗಳುತ್ತಾನೆ; ಹೆಣ್ಣು ಪ್ರತಿಯಾಗಿ ಬಯಲುಸೀಮೆಯ ಗಂಡಿನ ಎದೆಗಾರಿಕೆಯನ್ನು ಮೆಚ್ಚುತ್ತಾಳೆ. ಅವಳಿಗೆ ಮೈ, ಅವನಿಗೆ ಗುಂಡಿಗೆ. ಈ ಹಂಚಿಕೆಯ ವಿಷಯದಲ್ಲಿ ಸ್ತ್ರೀಪಕ್ಷಪಾತಿಗಳು ಹೇಳತಕ್ಕ ಮಾತು ಬಹಳವಿದೆ; ಅದು ಈ ಲೇಖನದ ವ್ಯಾಪ್ತಿಗೆ ಹೊರಗು. ನಮ್ಮ ಪ್ರಶ್ನೆಗೆ ಮುಖ್ಯವಾದುದು ಮತ್ತೊಂದು. ಆ ಬಣ್ಣ ಚೆನ್ನವೆಂದು ಪಲ್ಲವಿ ಹೇಳುತ್ತದೆ. ಯಾವ ಬಣ್ಣವೆಂದು ಹೇಳುವುದಿಲ್ಲ. ನಾವು ತರಗತಿಯಲ್ಲಿ ಒಮ್ಮೆ ಈ ಪ್ರಶ್ನೆಯನ್ನು ಕೇಳಿದೆವು. ಕಪ್ಪು, ಗೋಧಿ, ಕೆಂಪು, ಬಿಳುಪು ಎಲ್ಲ ಬಣ್ಣದ ಮಕ್ಕಳೂ ಒಂದೇ ದನಿಯಲ್ಲಿ “ಬಿಳಿ” ಎಂದರು. ಹಾಡಿನಲ್ಲಿ ಅದು ಎಲ್ಲಿದೆಯೆಂದು ಮರುಪ್ರಶ್ನೆ ಹಾಕಿದಾಗ ತರಗತಿ ಸುಮ್ಮನಾಯಿತು. ಕವಿ ಬಿಟ್ಟ ಸ್ಥಳವನ್ನು ತುಂಬಿದವರು ನಾವು. ಆದುದರಿಂದ ಹಾಡನ್ನು ವಿಚಾರಣೆಗೆ ಕರೆಯುವ ಮುನ್ನ ಅದನ್ನು ಕೇಳುವ ಕಿವಿಯ ಚರಿತ್ರೆಯನ್ನು ವಿಚಾರಿಸಬೇಕಾಗುತ್ತದೆ.

ಇಲ್ಲಿ ಎರಡು ಹಿಂದಿ ಚಿತ್ರಗೀತೆಗಳನ್ನು ಪಕ್ಕದಲ್ಲಿಟ್ಟು ನೋಡುವುದು ಅವಶ್ಯ. 1968ರ ‘ಪಡೋಸನ್’ ಚಿತ್ರದ ‘ಏಕ್ ಚತುರ್ ನಾರ್’ ಗೀತೆಯಲ್ಲಿ ನಟ ಮೆಹಮೂದರು ದಕ್ಷಿಣದ ಸಂಗೀತದ ಮೇಷ್ಟ್ರಾಗಿ ನಗೆಗೀಡಾಗುತ್ತಾರೆ. ಅದು ಪರಿಹಾಸ್ಯ, ಯಾರನ್ನು ನೋಡಿ ನಗಬೇಕೆಂಬುದು ಸ್ಪಷ್ಟ, ನಗೆಗೆ ಗುರಿಯಾದವರೂ ಸೇರಿ ನಕ್ಕುಬಿಟ್ಟಿದ್ದಾರೆ. 1965ರ ‘ಗುಮ್‌ನಾಮ್’ ಚಿತ್ರದಲ್ಲಿ ಅದೇ ಮೆಹಮೂದರು ಹೆಲೆನ್ ಅವರೆದುರು ಕುಣಿದ, ಮಹಮ್ಮದ್ ರಫಿಯವರು ಹಾಡಿದ ‘ಹಮ್ ಕಾಲೇ ಹೈಂ ತೋ ಕ್ಯಾ ಹುವಾ’ ಗೀತೆ ಬೇರೆ ಬಗೆಯದು. ಕಪ್ಪು ಬಣ್ಣದವನು ತನ್ನ ಬಣ್ಣವನ್ನು ಮನ್ನಿಸಬೇಕೆಂದು, ತನಗೂ ಹೃದಯವಿದೆಯೆಂದು ಬೇಡುತ್ತಾನೆ. ಅನೇಕರು ಇದನ್ನು ಕಪ್ಪಿನ ಅಭಿಮಾನಗೀತೆಯೆಂದು ಭಾವಿಸಿದ್ದಾರೆ. ನಮಗಾದರೋ ಪರಿಹಾಸ್ಯದ ಹಾಡಿಗಿಂತ ಈ ಯಾಚನೆಯ ಹಾಡೇ ಹೆಚ್ಚು ನೋವಿನದೆಂದು ತೋರುತ್ತದೆ. ಏಕೆಂದರೆ ಬಣ್ಣವು ದೋಷವೆಂಬುದನ್ನು ಒಪ್ಪಿಕೊಂಡೇ ಅಲ್ಲಿ ವಾದ ಆರಂಭವಾಗುತ್ತದೆ. ನಮ್ಮ ಕನ್ನಡ ಗೀತೆಯಲ್ಲಿ ಪರಿಹಾಸ್ಯವೂ ಇಲ್ಲ, ಯಾಚನೆಯೂ ಇಲ್ಲ. ಅಲ್ಲಿರುವುದು ಬರಿಯ ಹೊಗಳಿಕೆ. ಬೈಗುಳಕ್ಕೆ ಗುರಿಯಾದವನು ಎದ್ದುನಿಂತು ಪ್ರತಿಭಟಿಸಬಹುದು. ಹೊಗಳಿಕೆಯಲ್ಲಿ ತನ್ನ ಹೆಸರು ಬರಲಿಲ್ಲವೆಂದು ಪ್ರತಿಭಟಿಸುವುದು ಹೇಗೆ? ಆ ವಿದ್ಯಾರ್ಥಿನಿ ಪ್ರಶ್ನೆಯ ರೂಪದಲ್ಲಿ ಕೇಳಿದುದು ಬಹುಶಃ ಇದರಿಂದಲೇ.

ಕನ್ನಡ ನುಡಿಗೆ ಮೊದಲಿನಿಂದಲೂ ಕಪ್ಪಿನ ಮೇಲೆ ಹಗೆಯಿದ್ದಿತೆಂದು ಹೇಳಲಾಗದು. ನಮ್ಮ ಹಳ್ಳಿಗಳಲ್ಲಿ ಕೆಂಚಪ್ಪನಿದ್ದಂತೆ ಕರಿಯಪ್ಪನೂ ಇದ್ದಾನೆ. ಆಲೂರು ತಾಲ್ಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆ ಇದ್ದರೆ ಬಯಲುಸೀಮೆಯ ಊರೂರಿನಲ್ಲಿ ಕರಿಯಮ್ಮನ ಗುಡಿಗಳಿವೆ, ಅವಳಿಗೂ ಅಷ್ಟೇ ಭಯಭಕ್ತಿಯ ಪೂಜೆ ಸಲ್ಲುತ್ತದೆ. ಮಗುವಿಗೆ ದೃಷ್ಟಿಯಾಗದಿರಲೆಂದು ಕರಿಯನೆಂದು ಕರೆದ ತಾಯಂದಿರು ಎಷ್ಟೋ ಮಂದಿ. 2007ರ ‘ದುನಿಯಾ’ ಚಿತ್ರದಲ್ಲಿ ನಾಯಕನನ್ನು ನಾಯಕಿ ಕರಿಯನೆಂದು ಕರೆದು ಒಲಿಯುವ ಹಾಡು ನಾಡೆಲ್ಲ ಹಬ್ಬಿದುದೂ ಈ ಹಳೆಯ ಸಲಿಗೆಯ ಬಲದಿಂದಲೇ. ಆದರೆ ಆ ಸಲಿಗೆ ಗಂಡಿಗೆ ದೊರೆತದ್ದು. ಕರಿಯಳೇ ಎಂದು ನಾಯಕ ನಾಯಕಿಯನ್ನು ಕರೆದು ಅಷ್ಟೇ ಜನಪ್ರಿಯವಾದ ಹಾಡು ನಮಗೆ ನೆನಪಾಗುವುದಿಲ್ಲ. ಗೀತೆ ಬಂದ ಮರುವರ್ಷ, ಎಂದರೆ 1975ರಲ್ಲಿ, ‘ಫೇರ್ ಅಂಡ್ ಲವ್ಲಿ’ ಎಂಬ ಮುಖಲೇಪ ಭಾರತದ ಅಂಗಡಿಗಳಿಗೆ ಬಂದಿತು. 2020ರಲ್ಲಿ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ಕೊಳ್ಳುವವರು ಕೊಳ್ಳುತ್ತಲೇ ಇದ್ದಾರೆ.

ಮಲೆನಾಡಿನವರು ಯಾರು ಎಂಬುದೇ ಈಗ ಮುಖ್ಯ ಪ್ರಶ್ನೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಆ ಅರಸರು ಧರಿಸಿದ, ನಾಣ್ಯಗಳ ಮೇಲೂ ಟಂಕಿಸಿದ ಬಿರುದು ‘ಮಲೆಪರೊಳ್ಗಂಡ’. ಮಲೆಯ ನಾಯಕರಲ್ಲಿ ವೀರನೆಂದು ಅದರ ತಾತ್ಪರ್ಯ. ಆ ಕಾಲದಲ್ಲಿ ಮಲೆಯೆಂದರೆ ನೆನಪಿಗೆ ಬರುತ್ತಿದ್ದುದು ಗಂಡು, ಅದೂ ಮಣಿಸಲು ಕಷ್ಟವಾದ ಗಂಡು. ಮೈಬಣ್ಣ ಯಾರ ಗಣನೆಯಲ್ಲಿಯೂ ಇದ್ದಂತಿಲ್ಲ. ಎಂಟು ಒಂಬತ್ತು ಶತಮಾನಗಳ ತರುವಾಯ ಬಂದ ಚಿತ್ರಗೀತೆಯಲ್ಲಿ ಗಂಡೆಂಬ ಮಾತು ಬಯಲುಸೀಮೆಗೆ ಸಂದಿತು, ಮಲೆ ಹೆಣ್ಣಾಯಿತು. ಪಲ್ಲಟ ಕುತೂಹಲಕರವಾದುದು.

ಈ ನಡುವೆ ಮಲೆನಾಡಿಗೆ ಕಾಫಿ ಬಂದಿತು. 19ನೆಯ ಶತಮಾನದಲ್ಲಿ ಐರೋಪ್ಯರು ಕಾಡು ಕಡಿಸಿ ತೋಟ ಮಾಡಿದಾಗ ಊರಿನ ಹೊಲೆಯರ ಕೇರಿಯ ದುಡಿಮೆ ಸಾಲದೆ, ಮೇಸ್ತ್ರಿಗಳು ಮುಂಗಡ ಹಣ ಕೊಟ್ಟು ಘಟ್ಟದ ಕೆಳಗಿನಿಂದ, ತಮಿಳು ನಾಡಿನಿಂದ ಆಳುಗಳನ್ನು ಕರೆತಂದರು. ಚಾರ್ಮಾಡಿ ಘಟ್ಟವನ್ನು ಹತ್ತಿ ಕೊಟ್ಟಿಗೆಹಾರಕ್ಕೆ ಬಂದ ತುಳುವರು ಇಲ್ಲಿಯೇ ಬೇರುಬಿಟ್ಟರು. ಇವರೆಲ್ಲರಿಗಿಂತ ಹಿಂದಿನವರು ಮಲೆಕುಡಿಯರು, ಹಸಲರು. ಮಲೆಯೆಂಬ ಶಬ್ದವನ್ನು ಹೆಸರಿನಲ್ಲಿಯೇ ಹೊತ್ತವರು ಮಲೆಕುಡಿಯರು. ಈಚಿನ ವರ್ಷಗಳಲ್ಲಿ ಅಸ್ಸಾಮಿನ, ಬಂಗಾಳದ ಕಡೆಯ ಕಾರ್ಮಿಕರೂ ಲೈನು ಮನೆಗಳಿಗೆ ಬಂದಿದ್ದಾರೆ, ಅವರ ಕಣ್ಣು ಮೂಗುಗಳ ಮೇಲೆ ನಮ್ಮ ಪೇಟೆಗಳಲ್ಲಿ ನಡೆಯುವ ಕುಚೋದ್ಯವನ್ನು ಬಲ್ಲವರು ಬಲ್ಲರು. ನವೆಂಬರಿನಿಂದ ಮಾರ್ಚಿನವರೆಗೆ ಅರೇಬಿಕವನ್ನೂ ಆಮೇಲೆ ರೋಬಸ್ಟವನ್ನೂ ಕೊಯ್ಯುವವರಲ್ಲಿ ಬಹುಪಾಲು ಹೆಂಗಸರು. ಮಲೆನಾಡಿನ ಹೆಣ್ಣೆಂದು ಯಾರನ್ನಾದರೂ ತೋರಿಸಬೇಕಾದರೆ ಸಂಖ್ಯೆಯ ದೃಷ್ಟಿಯಿಂದಲೂ ದುಡಿಮೆಯ ದೃಷ್ಟಿಯಿಂದಲೂ ಮೊದಲು ತೋರಿಸಬೇಕಾದವಳು ಇವಳು. ತಂಪು ಹವೆ, ಮೋಡ, ನೆರಳುಗಳಿಂದ ಮಲೆನಾಡ ಹೆಂಗಸರು ಬೆಳ್ಳಗಾಗುತ್ತಾರೆಂದು ನಂಬುವವರು ಮಾಘದ ಬಿಸಿಲಿನಲ್ಲಿ ಕೊಯ್ಲನ್ನು ಒಮ್ಮೆ ನೋಡಬೇಕು.

ಮೈಬಣ್ಣದಿಂದ ಜನರ ಬೆಲೆ ಕಟ್ಟುವುದಕ್ಕೆ ಶಾಸ್ತ್ರದ ವೇಷವನ್ನು ತೊಡಿಸಿದವರು ಆಂಗ್ಲ ಅಧಿಕಾರಿಗಳು. ಮದರಾಸಿನ ವಸ್ತುಸಂಗ್ರಹಾಲಯದ ಥರ್ಸ್ಟನ್ ಸಾಹೇಬರು ಜನರ ಮೂಗು, ತಲೆಗಳನ್ನು ಅಳೆದು 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದರು. ಹಾಗೆಂದು ಎಲ್ಲವನ್ನೂ ಆಂಗ್ಲರ ತಲೆಗೆ ಕಟ್ಟುವ ಚಾಳಿಯನ್ನೂ ನಾವು ಒಪ್ಪೆವು. ವರ್ಣವೆಂಬ ಒಂದೇ ಶಬ್ದ ಬಣ್ಣಕ್ಕೂ ಜಾತಿಗೂ ಸಲ್ಲುವುದು ನಮ್ಮ ಭಾಷೆಯಲ್ಲಿ. ನೃತ್ಯದ ಹಿಂದಣ ಸಾಲಿನಲ್ಲಿ ನಿಂತ ಹುಡುಗಿಯರ ಮನೆಗಳು ಎಲ್ಲೆಲ್ಲಿದ್ದುವೆಂದು ವಿಚಾರಿಸಿದಾಗ ನಮಗೆ ಇದು ಮನದಟ್ಟಾಯಿತು. ಬಣ್ಣ ನೋಡಿ ಆರಿಸಿದೆವೆಂದು ಆರಿಸಿದವರು ತಿಳಿದಿದ್ದರು. ಆಯ್ಕೆಯಾದದ್ದು ಬಹುಮಟ್ಟಿಗೆ ಕೇರಿಯಿಂದ.

ಅಮೆರಿಕದ ಅಳತೆಗೋಲೆಂಬ ಆಕ್ಷೇಪಣೆಗೂ ಉತ್ತರ ಹೇಳಬೇಕು. ಸ್ಟೀಫನ್ ಫಾಸ್ಟರನು 1853ರಲ್ಲಿ ಪ್ರಕಟಿಸಿದ ‘ಮೈ ಓಲ್ಡ್ ಕೆಂಟಕಿ ಹೋಮ್’ ಕೆಂಟಕಿ ಸಂಸ್ಥಾನದ ಅಧಿಕೃತ ಗೀತೆ. 1986ರಲ್ಲಿ ಜಪಾನಿನಿಂದ ಬಂದ ವಿದ್ಯಾರ್ಥಿಗಳು ಅದನ್ನು ಅಲ್ಲಿನ ಶಾಸನಸಭೆಯ ಮುಂದೆ ಮೂಲದಲ್ಲಿದ್ದಂತೆಯೇ ಹಾಡಿದರು. ಅದರಲ್ಲಿ ಕರಿಯರನ್ನು ಹೀನವಾಗಿ ಕರೆಯುವ ಪದವಿದ್ದಿತು. ಸಭೆ ಅದನ್ನು ತೆಗೆದು ಜನರೆಂಬ ಅರ್ಥದ ಪದವನ್ನಿಡಲು ನಿರ್ಣಯಿಸಿತು. ಗಾಯಕ ಪಾಲ್ ರೋಬ್ಸನ್ನನು ಇದಕ್ಕಿಂತ ಹಿಂದೆಯೇ, ತನ್ನ ಖ್ಯಾತಿಗೆ ಕಾರಣವಾದ ‘ಓಲ್ ಮ್ಯಾನ್ ರಿವರ್’ ಗೀತೆಯ ಸೋಲಿನ ಮಾತುಗಳನ್ನು ಹೋರಾಟದ ಮಾತುಗಳಾಗಿ ತಾನೇ ತಿದ್ದಿ ಹಾಡಿದನು. ಎರಡು ಕಡೆಯೂ ತಿದ್ದಲು ಒಂದು ಮಾತು ಕೈಗೆ ಸಿಕ್ಕಿತು. ನಮ್ಮ ಗೀತೆಯ ಪಲ್ಲವಿಯಲ್ಲಿ ತೆಗೆದುಹಾಕಲು ಯಾವ ಪದವಿದೆ? ಅಮೆರಿಕದ ಅಳತೆಗೋಲನ್ನು ತಂದರೂ ಇಲ್ಲಿ ಅಳೆಯಲು ಏನೂ ದೊರೆಯದು.

ಹತ್ತಿರದ ನಿದರ್ಶನ ನಮ್ಮಲ್ಲಿಯೇ ಇದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಇಬ್ಬರು ಹೊಲತಿಯರು ಅರಸನ ಮುಂದೆ ಹಾಡುತ್ತಾರೆ. ಅರಸನು ಹಾಡಿಗೆ ಮೆಚ್ಚುತ್ತಾನೆ, ಹಾಡಿದವರನ್ನು ವರಿಸಲು ಒಪ್ಪುವುದಿಲ್ಲ. ಕಣ್ಣು ಕಿವಿಗಳಿಗೆ ಹತ್ತದ ಹೊಲೆ ಮುಟ್ಟಿದರೆ ಮಾತ್ರ ಹತ್ತುವುದೇಕೆಂದು ಅವರು ಹೂಡುವ ವಾದಕ್ಕೆ ಅವನಲ್ಲಿ ನೇರವಾದ ಉತ್ತರವಿಲ್ಲ. ನಮ್ಮ ಪ್ರಸಂಗದಲ್ಲಿ ಸ್ಥಿತಿ ತಿರುವುಮುರುವಾಗಿದೆ. ಇಲ್ಲಿ ಹಾಡು ಹುಡುಗಿಯದು, ಅವಳ ಊರಿನದು. ಅವಳಿಗೆ ಅದು ಬಾಯಿಪಾಠ. ಅದರೊಳಗೆ ಅವಳಿಗೆ ಸ್ಥಳ ಕೊಡದವರು ನಾವು. 1973ರ ನವೆಂಬರಿನಲ್ಲಿ, ಚಿತ್ರ ಬರುವ ಹಿಂದಿನ ವರ್ಷ, ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದ ಬಿ. ಬಸವಲಿಂಗಪ್ಪನವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಅವರ ಮಾತು ಸರಿಯೋ ತಪ್ಪೋ ಎಂದು ನಾಡು ಗದ್ದಲವೆಬ್ಬಿಸಿತು. ಆ ಸಾಹಿತ್ಯದಲ್ಲಿ ತಮ್ಮವರು ಎಲ್ಲಿದ್ದಾರೆಂಬ ಅವರ ಅಳಲನ್ನು ಕೇಳಿದವರು ಕಡಮೆ.

ನಮ್ಮ ಅಭಿಪ್ರಾಯವನ್ನು ಹೀಗೆ ಹೇಳಬಹುದು. ಗೀತೆಯ ಮಾತಿನಲ್ಲಿ ಜನಾಂಗನಿಂದೆಯಿಲ್ಲ. ಅದನ್ನು ಕೇಳುವ, ಕುಣಿಸುವ, ಚಿತ್ರಿಸುವ ರೂಢಿಯಲ್ಲಿ ಇದೆ, ಅದೂ ದಪ್ಪನಾಗಿಯೇ ಇದೆ. ಆ ಪಲ್ಲವಿಗೆ ಕಪ್ಪು ಹುಡುಗಿಯೊಬ್ಬಳನ್ನು ಮುಂದೆ ನಿಲ್ಲಿಸಿದರೆ ಒಂದಕ್ಷರವೂ ಸುಳ್ಳಾಗುವುದಿಲ್ಲ. ಮೊದಲನೆಯ ಪಕ್ಷದ ಮಿತ್ರರು ಇದನ್ನು ತಪ್ಪಿಸಿಕೊಳ್ಳುವ ಜಾಣತನವೆಂದು ಹೇಳಿದ್ದಾರೆ. 1974ರ ಚಿತ್ರದ ಕಣ್ಣಿನಲ್ಲಿಯೂ ಆ ಬಣ್ಣ ಬಿಳಿಯೇ ಆಗಿದ್ದಿತೆಂಬುದು ಅವರ ವಾದ. ಅದು ನಿಜವಿರಬಹುದು. ಆದರೆ ಹಾಡು ಚಿತ್ರವನ್ನು ಬಿಟ್ಟು ಬಂದು ಬಹಳ ಕಾಲವಾಯಿತು, ಅದನ್ನು ಹಾಡುವವರಲ್ಲಿ ಹಲವರು ಆ ಚಿತ್ರವನ್ನು ನೋಡಿಯೇ ಇಲ್ಲ.

ಆ ಕಾಲೇಜಿನಲ್ಲಿ ಕೊನೆಗೆ ನಡೆದುದಿಷ್ಟು: ವಿವಾದ ಬೇಡವೆಂದು ಹಾಡನ್ನು ಕೈಬಿಟ್ಟರು. ಅದರ ಬದಲು ಕಾವೇರಿಯನ್ನು ಕುರಿತ ಭಕ್ತಿಗೀತೆಯೊಂದನ್ನು ಆರಿಸಿದರು. ಎರಡೂ ಪಕ್ಷದವರಿಗೆ ಸಮಾಧಾನವಾಯಿತು. ಉತ್ಸವದ ಸಂಜೆ ನಾವೂ ಸಭೆಯಲ್ಲಿದ್ದೆವು. ಹಾಡು ಬದಲಾಗಿದ್ದಿತು, ಸಾಲುಗಳು ಮೊದಲಿದ್ದಂತೆಯೇ ಇದ್ದುವು.