ಮಸ್ಕಿ ಉಳಿಯಲು ದೋಣಿ ಬರಿದಾಗಬೇಕು

ಗಾಳದ ಹವ್ಯಾಸಿಗಳು ಮಸ್ಕಿಯನ್ನು ‘ಹತ್ತು ಸಾವಿರ ಎಸೆತಗಳ ಮೀನು’ ಎನ್ನುತ್ತಾರೆ. ಅಮೆರಿಕ–ಕೆನಡಾ ಗಡಿಯ ಸೇಂಟ್ ಲಾರೆನ್ಸ್ ನದಿಯಲ್ಲಿ ಒಂದೇ ಒಂದು ಮಸ್ಕಿಗಾಗಿ ಇಡೀ ಋತು ಕಾಯುವವರಿದ್ದಾರೆ. ಸಿಕ್ಕರೂ ಬಹುಪಾಲು ಮಂದಿ ಅದನ್ನು ಕೊಲ್ಲುವುದಿಲ್ಲ. ಅಳತೆ ತೆಗೆದು ನೀರಿಗೇ ಬಿಡುತ್ತಾರೆ. ಅಷ್ಟು ಅಕ್ಕರೆಯಿಂದ ಕಾದ ಆ ನದಿಯಲ್ಲೇ 2005–06ರ ಸುಮಾರಿಗೆ ಮೊಟ್ಟೆಯಿಡುವ ಪ್ರಾಯದ ದೊಡ್ಡ ಮಸ್ಕಿಗಳು ಸತ್ತು ತೇಲಿದವು. ಕೊಂದದ್ದು ವಿಎಚ್‌ಎಸ್ ಎಂಬ ವೈರಸ್ ರೋಗ.

ಯುರೋಪಿನ ಟ್ರೌಟ್ ಸಾಕುವವರಿಗೆ ಇದು ಹಳೆಯ ಶತ್ರು. ಡೆನ್ಮಾರ್ಕಿನ ಎಗ್ಟ್ವೆಡ್ ಎಂಬ ಹಳ್ಳಿಯ ಹೆಸರೇ ರೋಗಕ್ಕೂ ಅಂಟಿತ್ತು. ಕೊಳ ಬರಿದುಮಾಡಿ, ಮೀನನ್ನೆಲ್ಲ ತೆಗೆದು, ತೊಳೆದು, ದಶಕಗಳ ಕಾಲ ಪಟ್ಟುಹಿಡಿದು ಡೇನರು ಅದನ್ನು ತಮ್ಮ ಸಾಕಣೆ ಕೊಳಗಳಿಂದ ಓಡಿಸಿದರು. ಆದರೆ ಸೇಂಟ್ ಲಾರೆನ್ಸ್‌ಗೆ ನೀರುಣಿಸುವ ಒಂಟಾರಿಯೊ, ಈರಿಯಂಥ ಮಹಾಸರೋವರಗಳನ್ನು ಯಾರು ಬರಿದುಮಾಡಿಯಾರು?

ವೈರಸ್ ಕಿವಿರುಗಳ ಮೂಲಕ, ಈಜುರೆಕ್ಕೆಗಳ ಬುಡದಿಂದ ಒಳಹೊಕ್ಕು ರಕ್ತನಾಳಗಳ ಒಳಪದರವನ್ನೇ ಕೆಡಿಸುತ್ತದೆ. ಕಣ್ಣು ಉಬ್ಬುತ್ತದೆ, ಕಿವಿರು ಬಿಳಿಚುತ್ತದೆ, ಮಾಂಸದೊಳಗೆ ರಕ್ತ ಒಸರುತ್ತದೆ. 9ರಿಂದ 12 ಡಿಗ್ರಿ ಸೆಲ್ಸಿಯಸ್‌ನ ನೀರು ಇದಕ್ಕೆ ಹಿತ. ಚಳಿಗಾಲ ಕಳೆದು ಮೀನಿನ ರೋಗನಿರೋಧಕ ಶಕ್ತಿ ಇನ್ನೂ ಚುರುಕಾಗಿರುವುದಿಲ್ಲ, ಸಂತಾನದ ದಣಿವು ಬೇರೆ. ಅದಕ್ಕೇ ವಸಂತದಲ್ಲಿ ಈ ಸಾವು. ಬದುಕುಳಿದ ಮೀನು ಮೂತ್ರದಲ್ಲಿ, ಮೊಟ್ಟೆಯ ದ್ರವದಲ್ಲಿ ವೈರಸ್ ಚೆಲ್ಲುತ್ತಲೇ ಇರಬಲ್ಲದು. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ. ನಮ್ಮ ಮೈಬಿಸಿಯಲ್ಲಿ ಅದು ಬೆಳೆಯದು.

2006ರ ಅಕ್ಟೋಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ ಈ ಮಹಾಸರೋವರಗಳ ಸುತ್ತಲಿನ ಎಂಟು ರಾಜ್ಯಗಳಿಂದ ಜೀವಂತ ಮೀನಿನ ಸಾಗಣೆಗೆ ಕಡಿವಾಣ ಹಾಕಿತು. ವ್ಯಾಪಾರಕ್ಕೆ ಪೆಟ್ಟು ಬಿದ್ದರೂ ನನ್ನ ಮಟ್ಟಿಗೆ ಆ ಆದೇಶ ಸರಿಯಾದದ್ದೇ. ಆದರೆ ಮರುವರ್ಷವೇ ವಿಸ್ಕಾನ್ಸಿನ್ನಿನ ವಿನ್ನೆಬಾಗೋ ಸರೋವರದಲ್ಲೂ ರೋಗ ಕಂಡಿತು. ಲಾರಿಗಳನ್ನು ತಡೆಯಬಹುದು, ವಾರಾಂತ್ಯದಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿ ಎಳೆದೊಯ್ಯುವ ನಮ್ಮಂಥವರನ್ನು ತಡೆಯುವವರು ಯಾರು?

ಹಾಗಾಗಿ ಮಸ್ಕಿಯನ್ನು ಜೋಪಾನವಾಗಿ ನೀರಿಗೆ ಬಿಟ್ಟ ಕೈಗಳಿಗೆ ದಡದಲ್ಲೂ ಕೆಲಸವಿದೆ. ಹೊರಡುವ ಮುನ್ನ ದೋಣಿಯ ತಳದ ನೀರು, ಮೀನಿನ ತೊಟ್ಟಿಯ ನೀರು ಪೂರ್ತಿ ಹರಿದುಹೋಗಲಿ. ಬಲೆ, ಬೂಟು ಚೆನ್ನಾಗಿ ಒಣಗಲಿ. ಉಳಿದ ಎರೆಮೀನನ್ನು ಕೆರೆಗೆ ಸುರಿಯದೆ ಕಸದ ಡಬ್ಬಕ್ಕೆ ಹಾಕಿ. ಫ್ರೀಜರಿನಲ್ಲಿಟ್ಟು ಮುಂದಿನ ವಾರ ಬೇರೆ ಕೆರೆಯಲ್ಲಿ ಬಳಸುವುದೂ ಬೇಡ. ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಈ ವೈರಸ್ ಪೂರ್ತಿ ಸಾಯುವುದಿಲ್ಲ.