ದುರ್ನಯದ ಗ್ರಂಥಗಳೂ ಪುಸ್ತಕವಿಕ್ರೇತರೂ

ಮತನಿಂದೆಯ ಗ್ರಂಥಗಳನ್ನೂ, ವಿದ್ವಾಂಸರು ಖಂಡಿಸಿ ಬಿಟ್ಟ ಗ್ರಂಥಗಳನ್ನೂ ಪುಸ್ತಕವಿಕ್ರೇತರು ಹೇಗೆ ಕಾಣಬೇಕೆಂಬುದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ. ಗ್ರಂಥಸಂಪಾದನೆಯ ಪ್ರಶ್ನೆಯೂ ಅಹುದು.

ಕಾರವಾರ, ಅಂಕೋಲೆಗಳ ಪ್ರಾಂತದ ಇತಿಹಾಸವನ್ನು ಅರಸುವವರು 1883ರಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ 15ನೆಯ ಸಂಪುಟವನ್ನು ನೋಡದೆ ವಿಧಿಯಿಲ್ಲ. ಗೇರಸೊಪ್ಪೆ, ಭಟಕಳಗಳ ಜೈನಾವಶೇಷಗಳ ಅಭ್ಯಾಸಕ್ಕೆ ಅದು ಇಂದಿಗೂ ಬೇಕು. ಆದರೆ ಒಂದೊಂದು ಜಾತಿಗೆ ಒಂದೊಂದು ಸ್ವಭಾವವನ್ನು ಆರೋಪಿಸುವ ಅದರ ಪದ್ಧತಿಯು ಅಧಿಕಾರಿಗಳ ಪೂರ್ವಗ್ರಹವೇ ಹೊರತು ಪ್ರಮಾಣವಲ್ಲ. ಪೀಠಿಕೆಯಿಲ್ಲದ ಪುನರ್ಮುದ್ರಣದಲ್ಲಿ ಇವೆರಡೂ ಒಂದೇ ಬೆಲೆಗೆ ಮಾರಾಟವಾಗುತ್ತವೆ. ಜೈನಧರ್ಮವು ಬೌದ್ಧಧರ್ಮದ ಶಾಖೆಯೆಂಬ ಲಾಸೆನ್, ವೇಬರ್ ಮೊದಲಾದವರ ಮತವನ್ನು ಹೆರ್ಮನ್ ಯಾಕೋಬಿಯವರು 1879ರ ಕಲ್ಪಸೂತ್ರದ ಆವೃತ್ತಿಯ ಪೀಠಿಕೆಯಲ್ಲಿಯೇ ಖಂಡಿಸಿದರು. ಆ ಮತವನ್ನು ನಂಬಿ ಬರೆದ ಪುಸ್ತಕವನ್ನು ಮಾರುವವರು ಅದರ ಖಂಡನೆಯನ್ನೂ ಪಕ್ಕದಲ್ಲಿಡುವುದು ಉಚಿತ.

ಪರರಿಗೆ ಇಷ್ಟು ಹೇಳುವ ನಾವು ನಮ್ಮ ಭಂಡಾರವನ್ನೂ ನೋಡಿಕೊಳ್ಳಬೇಕು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ 'ಸಮಯಪರೀಕ್ಷೆ'ಯು ಅನ್ಯಮತಗಳನ್ನು ಹಳಿಯುವುದರಲ್ಲಿ ಹಿಂಜರಿಯದು. ಅದನ್ನು ವಾದಚಾತುರ್ಯವೆಂದು ಕೊಂಡಾಡಿ, ಜಿನಬಿಂಬಭಂಗವನ್ನು ಹೊಗಳುವ ಅಬ್ಬಲೂರಿನ ಏಕಾಂತದ ರಾಮಯ್ಯನ ಶಾಸನವನ್ನು ಮಾತ್ರ ದ್ವೇಷವೆನ್ನುವುದು ನ್ಯಾಯವಲ್ಲ. ಮಾತಿನ ಹಿಂಸೆಗೂ ಬಿಂಬಭಂಗಕ್ಕೂ ಅಂತರವುಂಟು. ಓದುಗರಿಗೆ ಕೊಡುವ ಎಚ್ಚರಿಕೆಯಲ್ಲಿ ಅಂತರವಿರಕೂಡದು.

ನೋಯಿಸುವ ಪದ್ಯಗಳನ್ನು ತೆಗೆದು ಅಚ್ಚುಹಾಕಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಕಂಡುದನ್ನು ಕಂಡಂತೆ ಬರೆದೆನೆಂದು ಗ್ರಂಥಾಂತ್ಯದಲ್ಲಿ ಹೇಳಿಕೊಳ್ಳುವ ಲಿಪಿಕಾರನ ನಿಷ್ಠೆಗಿಂತ ನಮ್ಮ ನಿಷ್ಠೆ ಕಡಮೆಯಾಗಬಾರದು. ಪೂರ್ವಪಕ್ಷವನ್ನು ಮರೆಮಾಡಿದವನಿಗೆ ಸಿದ್ಧಾಂತವನ್ನು ಸ್ಥಾಪಿಸುವ ಅಧಿಕಾರವಿಲ್ಲ.

ಹಾಗೆಂದು ಎಲ್ಲವನ್ನೂ ಮಾರಬೇಕೆಂದಲ್ಲ. ಇಂದಿನ ನೆರೆಹೊರೆಯವರ ಮೇಲೆ ಜನರನ್ನು ಕೆರಳಿಸಲೆಂದೇ ಬರೆದ ಹೊಸ ಕರಪತ್ರವು ಇತಿಹಾಸದ ಸಾಕ್ಷ್ಯವಲ್ಲ. ಅದನ್ನು ವಿಕ್ರೇತರು ನಿರಾಕರಿಸುವುದೇ ಸರಿ. ದಂಡಸಂಹಿತೆಗೆ 1927ರಲ್ಲಿ ಸೇರಿದ 295ಎ ಕಲಮೂ, 2024ರಿಂದ ಅದರ ಸ್ಥಾನದಲ್ಲಿರುವ ಭಾರತೀಯ ನ್ಯಾಯಸಂಹಿತೆಯ 299ನೆಯ ಕಲಮೂ ಬುದ್ಧಿಪೂರ್ವಕವಾದ ದುರುದ್ದೇಶವನ್ನೇ ಅಪರಾಧದ ಲಕ್ಷಣವಾಗಿ ಹೇಳುತ್ತವೆ. ಹಳೆಯ ಗ್ರಂಥವಾದರೋ ಸಮಗ್ರಪಾಠದೊಡನೆ, ಕಾಲನಿರ್ದೇಶದೊಡನೆ, ಇತಿಹಾಸದ ಸಾಲಿನಲ್ಲಿರಲಿ. ಧರ್ಮಬೋಧೆಯ ಸಾಲಿನಲ್ಲಿ ಬೇಡ.

ಅನ್ಯನಯಗಳನ್ನು ನಿರಾಕರಿಸಿ ತಾನೇ ಪೂರ್ಣಸತ್ಯವೆನ್ನುವ ನಯವು ದುರ್ನಯವೆಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ದುರ್ನಯವನ್ನು ಸುಡಬೇಕಾಗಿಲ್ಲ, ಗುರುತಿಸಬೇಕು. ಚಿಕ್ಕ ಪಟ್ಟಣದ ಅಂಗಡಿಯವರು ತಾವು ಮಾರುವುದನ್ನೆಲ್ಲ ಓದಲಾರರು. ಆದುದರಿಂದ ಆ ಗುರುತನ್ನು ಪೀಠಿಕೆಯಲ್ಲಿ ಬರೆದುಕೊಡುವ ಹೊಣೆ ಮೊದಲು ಸಂಪಾದಕರಾದ ನಮ್ಮದು. 'ಸಮಯಪರೀಕ್ಷೆ'ಯಿಂದಲೇ ಆ ಕಾರ್ಯ ಆರಂಭವಾಗುವುದು ಶ್ರೇಯಸ್ಕರ.